ಪಾಳು ಕೋಟೆಯೋ, ಪಾಳು ಮಠವೋ: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ದಿನವನ್ನು ಎಲ್ಲಿ ಕಳೆಯಬೇಕು?

ಲಂಡನ್ ನೋಡಿ ಮುಗಿಸಿದ ಮೇಲೆ ಉಳಿಯುವ ಎರಡು ಮೂರು ದಿನಗಳನ್ನು ನಮ್ಮವರು ಸಾಮಾನ್ಯವಾಗಿ ವಿಂಡ್ಸರ್, ಬಾತ್, ಸ್ಟೋನ್‌ಹೆಂಜ್ ಎಂದು ಒಂದೇ ಪ್ರವಾಸಿ ಬಸ್ಸಿನಲ್ಲಿ ಸುತ್ತಿ ಬರುತ್ತಾರೆ. ಮಗನದೋ ಮಗಳದೋ ಮನೆಗೆಂದು ಬಂದು ತಿಂಗಳುಗಟ್ಟಲೆ ಉಳಿಯುವ ಹಿರಿಯರ ಪಟ್ಟಿಯೂ ಇದೇ. ಆದರೆ ಆ ದೇಶದ ಮಧ್ಯಯುಗವನ್ನು ಹತ್ತಿರದಿಂದ ನೋಡಬೇಕೆಂದರೆ ಹಳ್ಳಿಗಾಡಿಗೆ ಹೋಗಬೇಕು. ಛಾವಣಿ ಕಳೆದುಕೊಂಡ ಮಠಗಳು, ಸಿಡಿಮದ್ದಿಗೆ ಬಿರಿದ ಕೋಟೆಗಳು ಅಲ್ಲಿ ನದಿಯ ತಿರುವಿನಲ್ಲಿ, ಕುರಿ ಮೇಯುವ ಹುಲ್ಲುಗಾವಲಿನಲ್ಲಿ, ಕಡಲ ಬಂಡೆಯ ಮೇಲೆ ನಿಂತಿವೆ. ಇಂಥ ತಾಣಗಳು ನೂರಾರು ಇರುವುದರಿಂದ ಆಯ್ಕೆಯೇ ಕಷ್ಟವಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟೆ ಮತ್ತು ಮಠ ಎರಡು ಬೇರೆ ಲೋಕಗಳು ಎಂದು ನಾವು ಭಾವಿಸುತ್ತೇವೆ. ಅಂದಿನ ದೊರೆಗಳಿಗೆ ಹಾಗಿರಲಿಲ್ಲ. ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ದೊರೆಯೊಬ್ಬ ತನ್ನ ಸೀಮೆಯನ್ನು ಹಿಡಿತದಲ್ಲಿಡಲು ಕೋಟೆ ಕಟ್ಟಿಸಿದ. ತನ್ನ ಆತ್ಮಕ್ಕಾಗಿ ಪ್ರಾರ್ಥಿಸಲು ಅದರ ಪಕ್ಕದಲ್ಲೇ ಸನ್ಯಾಸಿಗಳಿಗೆ ಭೂಮಿ ಬಿಟ್ಟುಕೊಟ್ಟ. ಆದ್ದರಿಂದ ಒಬ್ಬನೇ ದೊರೆಗೆ, ಇಲ್ಲವೇ ಒಂದೇ ಮನೆತನಕ್ಕೆ ಸೇರಿದ ಕೋಟೆಯೂ ಮಠವೂ ನಡೆದು ತಲುಪುವಷ್ಟು ಹತ್ತಿರ ಇರುವ ಊರು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಅಂಥ ಎರಡು ಊರುಗಳ ವಿವರ ಕೊನೆಯಲ್ಲಿದೆ. ಎರಡನ್ನೂ ನೋಡುವ ಅವಕಾಶ ಇಲ್ಲದವರಿಗೆ, ಅಥವಾ ಒಂದರ ಮೇಲೆ ಮಾತ್ರ ಮನಸ್ಸಿರುವವರಿಗೆ, ಉಳಿದ ಹೋಲಿಕೆಗಳು.

ಹಾಳಾದ ಬಗೆಯೇ ಬೇರೆ

ಮಠಗಳು ಯುದ್ಧದಲ್ಲಿ ಬಿದ್ದವಲ್ಲ, ಕಾಗದದ ಮೇಲಿನ ಆಜ್ಞೆಯಿಂದ ಬಿದ್ದವು. ಎಂಟನೆಯ ಹೆನ್ರಿ ರೋಮಿನ ಪೋಪ್‌ನೊಂದಿಗಿನ ಸಂಬಂಧ ಕಡಿದುಕೊಂಡ ಮೇಲೆ ಅವನ ಮಂತ್ರಿ ಥಾಮಸ್ ಕ್ರಾಮ್ವೆಲ್ 1535ರಲ್ಲಿ ಎಲ್ಲ ಮಠಗಳ ಆದಾಯದ ಲೆಕ್ಕ ಬರೆಸಿದ. ಮರುವರ್ಷ ಬಂದ ಕಾನೂನು ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚಿಸಿತು. 1540ರ ಹೊತ್ತಿಗೆ ದೊಡ್ಡವೂ ಉಳಿಯಲಿಲ್ಲ. ಶರಣಾದ ಸನ್ಯಾಸಿಗಳಿಗೆ ಪಿಂಚಣಿ ಸಿಕ್ಕಿತು, ಒಪ್ಪದವರಿಗೆ ನೇಣು. ಗ್ಲಾಸ್ಟನ್‌ಬರಿಯ ಮಠಾಧಿಪತಿ ರಿಚರ್ಡ್ ವೈಟಿಂಗ್‌ನನ್ನು 1539ರಲ್ಲಿ ಊರ ಪಕ್ಕದ ಗುಡ್ಡದ ಮೇಲೆ ಗಲ್ಲಿಗೇರಿಸಿದರು.

ಕಟ್ಟಡಕ್ಕೆ ಮೊದಲ ಪೆಟ್ಟು ಬಿದ್ದದ್ದು ಛಾವಣಿಯ ಮೇಲೆ, ಏಕೆಂದರೆ ಛಾವಣಿಯ ಹೊದಿಕೆ ಸೀಸದ್ದು, ಸೀಸಕ್ಕೆ ಒಳ್ಳೆಯ ಬೆಲೆಯಿತ್ತು. ಅದನ್ನು ಕಿತ್ತು ಅಲ್ಲೇ ಕರಗಿಸಿ ಗಟ್ಟಿಗಳನ್ನಾಗಿ ಮಾಡಿ ಸಾಗಿಸಿದರು. ಹೊದಿಕೆ ಹೋದ ಮೇಲೆ ಮಳೆ ಮತ್ತು ಹಿಮ ತಮ್ಮ ಕೆಲಸ ಮುಗಿಸಿದವು. ಉಳಿದ ಕಲ್ಲನ್ನು ಸುತ್ತಲಿನವರು ಮನೆಗೆ, ಕೊಟ್ಟಿಗೆಗೆ, ಹೊಲದ ಬೇಲಿಗೋಡೆಗೆ ಒಯ್ದರು.

ಕೋಟೆಗಳ ಕಥೆ ನೂರು ವರ್ಷ ತಡ. 1642ರಲ್ಲಿ ರಾಜನಿಗೂ ಸಂಸತ್ತಿಗೂ ನಡುವೆ ಅಂತರ್ಯುದ್ಧ ಶುರುವಾದಾಗ ಹಳೆಯ ಕೋಟೆಗಳು ಮತ್ತೆ ಸೈನ್ಯ ನೆಲೆಗಳಾದವು. ಗೆದ್ದ ಸಂಸತ್ತು ಅವು ಇನ್ನೊಮ್ಮೆ ಶತ್ರುವಿಗೆ ಸಿಗಬಾರದೆಂದು ಗೋಡೆಗಳ ಬುಡಕ್ಕೆ ಮದ್ದು ತುಂಬಿಸಿ ಒಡೆಯಿಸಿತು.

ನೋಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೋಟೆಯಲ್ಲಿ ಸೀಳಿದ ಬುರುಜು, ವಾಲಿದ ಹೆಬ್ಬಾಗಿಲು, ಇಳಿಜಾರಿನಲ್ಲಿ ಉರುಳಿಬಿದ್ದ ಗೋಡೆಯ ತುಂಡು ನೋಡಿದಾಕ್ಷಣ ನಡೆದದ್ದು ಅರ್ಥವಾಗುತ್ತದೆ, ಎಂಟು ವರ್ಷದ ಮಗುವಿಗೂ. ಮಠಕ್ಕೆ ಸ್ವಲ್ಪ ಸಿದ್ಧತೆ ಬೇಕು. ಅಲ್ಲಿ ಚರ್ಚಿನ ಗೋಡೆಗಳು ಎತ್ತರಕ್ಕೆ ನಿಂತಿರುತ್ತವೆ, ಉಳಿದ ಕೋಣೆಗಳು ಮೊಣಕಾಲೆತ್ತರದ ಕಲ್ಲಿನ ಸಾಲುಗಳಾಗಿ ಹುಲ್ಲಿನಲ್ಲಿ ಹರಡಿರುತ್ತವೆ. ನಕ್ಷೆ ಗೊತ್ತಿಲ್ಲದೆ ಹೋದವರು ಹತ್ತು ಚಿತ್ರ ತೆಗೆದು ಅರ್ಧ ಗಂಟೆಯಲ್ಲಿ ಹೊರಬರುತ್ತಾರೆ. ಇದು ಬಹಳ ದೊಡ್ಡ ನಷ್ಟ, ಏಕೆಂದರೆ ಆ ನಕ್ಷೆ ಕಲಿಯುವುದು ಸುಲಭ.

ಸಾಮಾನ್ಯವಾಗಿ ಚರ್ಚು ಉತ್ತರಕ್ಕೆ. ಅದರ ದಕ್ಷಿಣಕ್ಕೆ ನಾಲ್ಕೂ ಕಡೆ ಮೊಗಸಾಲೆಯಿದ್ದ ಚೌಕಾಕಾರದ ಅಂಗಳ. ಅಂಗಳದ ಪೂರ್ವಕ್ಕೆ ಸನ್ಯಾಸಿಗಳು ಪ್ರತಿದಿನ ಸೇರಿ ತಮ್ಮ ನಿಯಮಗ್ರಂಥದ ಒಂದು ಅಧ್ಯಾಯ ಓದಿಸಿ ಕೇಳುತ್ತಿದ್ದ ಸಭಾಕೋಣೆ, ಅದರ ಮೇಲಿನ ಅಂತಸ್ತಿನಲ್ಲಿ ಮಲಗುವ ಹಜಾರ. ಅಲ್ಲಿಂದ ಮಧ್ಯರಾತ್ರಿಯ ಪ್ರಾರ್ಥನೆಗೆ ನೇರವಾಗಿ ಚರ್ಚಿಗಿಳಿಯುವ ಮೆಟ್ಟಿಲು. ದಕ್ಷಿಣಕ್ಕೆ ಊಟದ ಮನೆ, ಅದರ ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳಲು ಬೆಂಕಿ ಇರುತ್ತಿದ್ದ ಒಂದು ಕೋಣೆ. ಪಶ್ಚಿಮಕ್ಕೆ ಉಗ್ರಾಣ ಮತ್ತು ಹೊಲ, ಕುರಿ, ಗಿರಣಿಗಳ ಕೆಲಸ ನೋಡುತ್ತಿದ್ದ ಅರೆಸನ್ಯಾಸಿಗಳ ವಾಸ. ಬಿಳಿಯ ನಿಲುವಂಗಿಯ ಸಿಸ್ಟರ್ಸಿಯನ್ ಪಂಥದವರು ಎಲ್ಲಿ ಹೋದರೂ ಬಹುಮಟ್ಟಿಗೆ ಇದೇ ನಕ್ಷೆಯಲ್ಲಿ ಕಟ್ಟಿದರು. ಒಂದು ಮಠವನ್ನು ಕಲಿತರೆ ಉಳಿದವುಗಳಲ್ಲಿ ದಾರಿ ತಪ್ಪುವುದಿಲ್ಲ. ಎರಡನೆಯದಕ್ಕೆ ಹೋದಾಗ ಊಟದ ಮನೆ ಎಲ್ಲಿ ಎಂದು ನೀವೇ ಮಕ್ಕಳಿಗೆ ತೋರಿಸುತ್ತೀರಿ.

ಮಠಗಳಲ್ಲಿ: ಫೌಂಟನ್ಸ್ ಅಥವಾ ರೀವೋ

ಎರಡೂ ಯಾರ್ಕ್‌ಶೈರಿನಲ್ಲಿವೆ, ಎರಡೂ ಸಿಸ್ಟರ್ಸಿಯನ್, ಎರಡರ ಹುಟ್ಟೂ 1132ರಲ್ಲಿ. ಆದರೂ ಅಲ್ಲಿ ಸಿಗುವ ಅನುಭವ ಒಂದೇ ಅಲ್ಲ.

ಫೌಂಟನ್ಸ್ ಆಬಿ ಜಗಳದಿಂದ ಹುಟ್ಟಿದ ಮಠ. ಯಾರ್ಕಿನ ಸಂತ ಮೇರಿ ಮಠದಲ್ಲಿ ಶಿಸ್ತು ಸಡಿಲವಾಯಿತೆಂದು ಸಿಡಿದೆದ್ದ ಹದಿಮೂರು ಸನ್ಯಾಸಿಗಳಿಗೆ ಆರ್ಚ್‌ಬಿಷಪ್ ಥರ್ಸ್ಟನ್ ಚಳಿಗಾಲದ ನಡುವೆ ಸ್ಕೆಲ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಜಾಗ ಕೊಟ್ಟ. ಬಡತನ ಬೇಕೆಂದು ಹೊರಟವರ ಮಠ ಕುರಿಯ ಉಣ್ಣೆಯ ವ್ಯಾಪಾರದಿಂದ ದೇಶದ ಅತ್ಯಂತ ಶ್ರೀಮಂತ ಮಠಗಳಲ್ಲಿ ಒಂದಾಯಿತು. ಆ ಶ್ರೀಮಂತಿಕೆಯನ್ನು ನೋಡಲು ಪಶ್ಚಿಮ ಸಾಲಿನ ನೆಲಅಂತಸ್ತಿಗೆ ಹೋಗಿ. ಸುಮಾರು 90 ಮೀಟರ್ ಉದ್ದದ ಕಮಾನು ಛಾವಣಿಯ ಉಗ್ರಾಣ ಇಂದಿಗೂ ಇಡಿಯಾಗಿ ನಿಂತಿದೆ. ನಡುವೆ ಒಂದೇ ಸಾಲಿನ ಕಂಬಗಳು. ಒಂದೊಂದರಿಂದಲೂ ಕಲ್ಲಿನ ಪಕ್ಕೆಲುಬುಗಳು ಮೇಲೆದ್ದು ತಾಳೆಗರಿಯಂತೆ ಹರಡಿಕೊಳ್ಳುತ್ತವೆ. ಪಾಳುಮಠಗಳಲ್ಲಿ ಇಷ್ಟು ದೊಡ್ಡ ಛಾವಣಿ ಉಳಿದಿರುವುದು ಅಪರೂಪ. ಮುಚ್ಚುಗಡೆಗೆ ಸ್ವಲ್ಪವೇ ಮುಂಚೆ ಮಠಾಧಿಪತಿ ಹ್ಯೂಬಿ ಕಟ್ಟಿಸಿದ ಗೋಪುರ ಐವತ್ತು ಮೀಟರಿನಷ್ಟು ಎತ್ತರಕ್ಕೆ ನಿಂತಿದೆ. ಅಲಂಕಾರದ ಗೋಪುರ ಬೇಡವೆಂಬುದು ಆ ಪಂಥದ ಮೂಲ ನಿಯಮಗಳಲ್ಲಿ ಒಂದಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಅದನ್ನು ನೋಡಬೇಕು.

ಫೌಂಟನ್ಸ್‌ನ ಇನ್ನೊಂದು ಮುಖ ಹದಿನೆಂಟನೆಯ ಶತಮಾನದ್ದು. ಸೌತ್ ಸೀ ಕಂಪನಿಯ ಷೇರು ಹಗರಣದಲ್ಲಿ ಹಣಕಾಸು ಮಂತ್ರಿಯ ಹುದ್ದೆ ಕಳೆದುಕೊಂಡ ಜಾನ್ ಐಸ್ಲಬಿ ಪಕ್ಕದ ಸ್ಟಡ್ಲಿ ರಾಯಲ್‌ನ ತನ್ನ ಜಮೀನಿನಲ್ಲಿ ಕೊಳ, ಕಾಲುವೆ, ಪುಟ್ಟ ಗುಡಿಗಳ ಜಲೋದ್ಯಾನ ಮಾಡಿಸಿದ. 1767ರಲ್ಲಿ ಅವನ ಮಗ ವಿಲಿಯಂ ಪಾಳು ಮಠವನ್ನೂ ಕೊಂಡು ತೋಟದ ಕೊನೆಯ ದೃಶ್ಯವಾಗಿ ಸೇರಿಸಿಕೊಂಡ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಉದ್ಯಾನ ಮತ್ತು ಮಠ ಒಟ್ಟಾಗಿ. ಹೀಗಾಗಿ ಇಲ್ಲಿ ಇಡೀ ದಿನ ಬೇಕು. ಮಠ, ಹನ್ನೆರಡನೆಯ ಶತಮಾನದ ಗಿರಣಿ, ಜಲೋದ್ಯಾನ, ಜಿಂಕೆಗಳ ಬಯಲು, ಎಲ್ಲವನ್ನೂ ನಡೆದೇ ನೋಡಬೇಕು. ಜನಸಂದಣಿಯೂ ಹೆಚ್ಚು, ಮುಖ್ಯವಾಗಿ ಶಾಲಾ ರಜೆಯ ವಾರಾಂತ್ಯಗಳಲ್ಲಿ.

ರೀವೋ ಹಾಗಲ್ಲ. ಕಿರಿದಾದ ರಸ್ತೆಯಲ್ಲಿ ಇಳಿದು ಹೋದರೆ ರೈ ನದಿಯ ಕಣಿವೆ, ಕೆಲವೇ ಮನೆಗಳ ಹಳ್ಳಿ, ಅದರ ಮೇಲೆ ಮೂರಂತಸ್ತಿನ ಕಮಾನುಗಳು. ಹದಿಮೂರನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಪೂರ್ವಭಾಗದ ಗೋಡೆಗಳು ಪೂರ್ತಿ ಎತ್ತರಕ್ಕೆ ನಿಂತಿವೆ. ಅವುಗಳ ನಡುವೆ ನಿಂತು ತಲೆಯೆತ್ತಿದರೆ ನೇರ ಆಕಾಶ. ಕಣಿವೆ ಇಕ್ಕಟ್ಟಾದ್ದರಿಂದ ಚರ್ಚನ್ನು ಪೂರ್ವ-ಪಶ್ಚಿಮಕ್ಕೆ ಕಟ್ಟಲಾಗದೆ ಬಹುಪಾಲು ಉತ್ತರ-ದಕ್ಷಿಣಕ್ಕೆ ತಿರುಗಿಸಿದ್ದಾರೆ. ಮೇಲೆ ಹೇಳಿದ ನಕ್ಷೆಯನ್ನು ಇಲ್ಲಿ ಹುಡುಕುವವರು ಇದನ್ನು ಮರೆಯಬಾರದು, ಇಲ್ಲದಿದ್ದರೆ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ.

1147ರಿಂದ 1167ರವರೆಗೆ ಇಲ್ಲಿ ಮಠಾಧಿಪತಿಯಾಗಿದ್ದವನು ಏಲ್‌ರೆಡ್. ಸ್ನೇಹವೆಂಬುದು ದೇವರ ಕಡೆಗೆ ಹೋಗುವ ದಾರಿಯೆಂದು ಬರೆದ ಚಿಂತಕ. ಅವನ ಕಾಲದಲ್ಲಿ 140 ಸನ್ಯಾಸಿಗಳು, 500 ಅರೆಸನ್ಯಾಸಿಗಳು ಮತ್ತು ಕೆಲಸದವರು ಇದ್ದರೆಂದೂ, ಹಬ್ಬದ ದಿನಗಳಲ್ಲಿ ಚರ್ಚು ಜೇನುಗೂಡಿನಂತೆ ತುಂಬುತ್ತಿತ್ತೆಂದೂ ಅವನ ಶಿಷ್ಯ ವಾಲ್ಟರ್ ಡೇನಿಯಲ್ ಬರೆದಿಟ್ಟಿದ್ದಾನೆ. 1538ರಲ್ಲಿ ಮಠ ಮುಚ್ಚುವಾಗ ಉಳಿದಿದ್ದವರು ಇಪ್ಪತ್ತು ಚಿಲ್ಲರೆ ಮಂದಿ. 1920ರ ದಶಕದಲ್ಲಿ ಕುಸಿದ ಕಲ್ಲುರಾಶಿಯನ್ನು ತೆರವು ಮಾಡುವಾಗ ಹೆನ್ರಿಯ ಆಳುಗಳು ಕರಗಿಸಿಟ್ಟಿದ್ದ ಸೀಸದ ಗಟ್ಟಿಗಳು ರಾಜಮುದ್ರೆಯ ಸಮೇತ ಸಿಕ್ಕವು. ಸಾಗಿಸುವ ಮೊದಲೇ ಗೋಡೆ ಅವುಗಳ ಮೇಲೆ ಬಿದ್ದಿತ್ತು. ಆ ಸೀಸದಲ್ಲಿ ಸ್ವಲ್ಪವನ್ನು ಯಾರ್ಕ್ ನಗರದ ದೊಡ್ಡ ಚರ್ಚಾದ ಯಾರ್ಕ್ ಮಿನ್‌ಸ್ಟರ್‌ನ ‘ಫೈವ್ ಸಿಸ್ಟರ್ಸ್’ ಕಿಟಕಿಯ ದುರಸ್ತಿಗೆ ಬಳಸಿದರು. ಯಾರ್ಕಿಗೆ ಹೋಗುವವರು ಆ ಬೂದು-ಹಸಿರು ಗಾಜಿನ ಐದು ಕಿಟಕಿಗಳ ಮುಂದೆ ನಿಂತಾಗ ರೀವೋದ ಛಾವಣಿಯನ್ನು ನೆನೆಯಬಹುದು.

ಇವೆರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ರೀವೋ ಎನ್ನುತ್ತೇನೆ. ಫೌಂಟನ್ಸ್ ದೊಡ್ಡದು, ಹೆಚ್ಚು ಉಳಿದಿದೆ, ಸೌಕರ್ಯವೂ ಹೆಚ್ಚು. ಆದರೆ ಅಲ್ಲಿ ತೋಟದ ಸೊಬಗು ಮಠದ ದುಃಖವನ್ನು ಸ್ವಲ್ಪ ಮರೆಸುತ್ತದೆ. ರೀವೋದಲ್ಲಿ ಹಾಗಾಗುವುದಿಲ್ಲ. ಹಿರಿಯರು ಜೊತೆಗಿದ್ದು ಸಮತಟ್ಟಾದ ಹುಲ್ಲಿನ ಮೇಲೆ ನಿಧಾನವಾಗಿ ಓಡಾಡಬೇಕೆಂದರೂ ರೀವೋ ವಾಸಿ. ಫೌಂಟನ್ಸ್‌ನಲ್ಲಿ ಸ್ವಾಗತ ಕಟ್ಟಡದಿಂದ ಮಠಕ್ಕೆ ಇಳಿಜಾರು, ಮರಳುವಾಗ ಏರು. ಇನ್ನು, ಚಿಕ್ಕ ಮಕ್ಕಳು ಓಡಿ ದಣಿಯಬೇಕು, ಮಳೆ ಬಂದರೆ ತಲೆಯ ಮೇಲೆ ಸೂರು ಬೇಕು ಎನ್ನುವ ಸಂಸಾರಕ್ಕೆ ಫೌಂಟನ್ಸೇ ಸರಿ.

ಇವೆರಡರ ಜೊತೆಗೆ ಬೈಲಂಡ್ ಮಠವನ್ನು ಹೇಳದಿದ್ದರೆ ತಪ್ಪಾಗುತ್ತದೆ. ರೀವೋದಿಂದ ಕಾರಿನಲ್ಲಿ ಸ್ವಲ್ಪ ದೂರ, ಪ್ರವೇಶ ಉಚಿತ. ಪಶ್ಚಿಮದ ಗೋಡೆಯಲ್ಲಿದ್ದ ಭಾರೀ ಚಕ್ರಾಕಾರದ ಕಿಟಕಿಯ ಕೆಳ ಅರ್ಧ ಮಾತ್ರ ಉಳಿದಿದೆ. ಚರ್ಚಿನ ನೆಲದಲ್ಲಿ ಹಳದಿ ಮತ್ತು ಹಸಿರು ಮೆರುಗಿನ ಹೆಂಚಿನ ಹಾಸು ಇದ್ದಲ್ಲೇ ಇದೆ. ಅಂಥ ನೆಲ ಬೇರೆ ಕಡೆ ಸುಲಭಕ್ಕೆ ಸಿಗದು.

ವಿಟ್ಬಿ ಕಡಲ ಮಠ. 657ರಲ್ಲಿ ಹಿಲ್ಡ್ ಎಂಬ ಮಹಿಳೆಯ ನೇತೃತ್ವದಲ್ಲಿ ಶುರುವಾಗಿ, 664ರಲ್ಲಿ ಈಸ್ಟರ್ ಹಬ್ಬದ ದಿನ ಲೆಕ್ಕ ಹಾಕುವ ಬಗೆಯನ್ನು ನಿರ್ಧರಿಸಿದ ಧರ್ಮಸಭೆಗೆ ನೆಲೆಯಾಯಿತು. ಈಗ ಕಾಣುವುದು ಬಹುಪಾಲು ಹದಿಮೂರನೆಯ ಶತಮಾನದ ಚರ್ಚು. 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡಿಗೂ ಸಿಕ್ಕಿದೆ. ಊರಿನಿಂದ 199 ಮೆಟ್ಟಿಲು ಹತ್ತಿ ಹೋಗಬೇಕು, ಮೇಲೆ ಗಾಳಿ ಕಿವಿ ಕೊರೆಯುತ್ತದೆ. ಸನ್ಯಾಸಿಗಳ ಬದುಕಿನ ನಕ್ಷೆ ಇಲ್ಲಿ ಹೆಚ್ಚು ಉಳಿದಿಲ್ಲ. ಹೋಗುವುದು ಚರ್ಚಿಗೆ ಮತ್ತು ಕಡಲಿಗೆ.

ಕೋಟೆಗಳಲ್ಲಿ: ಕಾರ್ಫ್, ಕೆನಿಲ್ವರ್ತ್, ಬೋಡಿಯಂ

ಡಾರ್ಸೆಟ್‌ನ ಕಾರ್ಫ್ ಕೋಟೆಯಷ್ಟು ಸ್ಪಷ್ಟವಾಗಿ ಸಿಡಿಮದ್ದಿನ ಕೆಲಸ ತೋರಿಸುವ ಜಾಗ ಇಂಗ್ಲೆಂಡಿನಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಒಂಟಿ ಗುಡ್ಡದ ತುದಿಯಲ್ಲಿ ಮೊದಲನೆಯ ಹೆನ್ರಿಯ ಕಾಲದ ಬಿಳಿಸುಣ್ಣಕಲ್ಲಿನ ಮುಖ್ಯ ಗೋಪುರ ಸೀಳಿ ನಿಂತಿದೆ; ಹೆಬ್ಬಾಗಿಲಿನ ಒಂದು ಅರ್ಧ ನೆಲಕ್ಕೆ ಜಾರಿ ಇನ್ನೊಂದು ಅರ್ಧಕ್ಕಿಂತ ಕೆಳಗೆ ಕೂತಿದೆ. ಗಂಡ ರಾಜನ ಪಕ್ಷದಲ್ಲಿ ದೂರವಿದ್ದಾಗ ಮೇರಿ ಬ್ಯಾಂಕ್ಸ್ ಎಂಬ ಹೆಣ್ಣುಮಗಳು 1643ರ ಮುತ್ತಿಗೆಯಲ್ಲಿ ಈ ಕೋಟೆಯನ್ನು ಕಾಪಾಡಿದಳು. ಎರಡನೆಯ ಮುತ್ತಿಗೆಯಲ್ಲಿ, 1646ರಲ್ಲಿ, ಒಳಗಿನವನೇ ಒಬ್ಬ ಅಧಿಕಾರಿ ಶತ್ರುಗಳನ್ನು ಒಳಗೆ ಬಿಟ್ಟಿದ್ದರಿಂದ ಕೋಟೆ ಕೈಬಿಟ್ಟಿತು. ಒನಕೆ ಓಬವ್ವನ ಕಥೆ ಕೇಳಿ ಬೆಳೆದವರಿಗೆ ಮೇರಿ ಬ್ಯಾಂಕ್ಸ್ ಯಾರೆಂದು ಹೆಚ್ಚು ವಿವರಿಸಬೇಕಿಲ್ಲ. ಕೋಟೆಯ ಬುಡದ ಹಳ್ಳಿಯ ಮನೆಗಳಲ್ಲಿ ಕೋಟೆಯದೇ ಕಲ್ಲುಗಳಿವೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇರಂಗೆ ರೈಲು, ಅಲ್ಲಿಂದ ಬಸ್ಸು. ಸ್ವಾನೇಜ್ ಕಡೆಯಿಂದ ಬರುವವರಿಗೆ ಹಬೆಯ ರೈಲು ಹಳ್ಳಿಯಲ್ಲೇ ನಿಲ್ಲುತ್ತದೆ. ಏರು ಕಡಿದು, ಕಲ್ಲು ಜಾರುತ್ತದೆ. ಮೊಣಕಾಲು ನೋವಿರುವವರಿಗೆ ಇದು ಬೇಡ. ಹಳ್ಳಿಯಿಂದ ನೋಡಿದರೂ ಅರ್ಧ ಸಂತೋಷ ಸಿಗುತ್ತದೆ.

ವಾರ್ವಿಕ್‌ಶೈರಿನ ಕೆನಿಲ್ವರ್ತ್ ಕೆಂಪು ಮರಳುಗಲ್ಲಿನದು. ಅದರ ಸ್ವಭಾವ ಅರ್ಧ ಕೋಟೆ, ಅರ್ಧ ಅರಮನೆ. 1266ರಲ್ಲಿ ಆರು ತಿಂಗಳ ಮುತ್ತಿಗೆಯನ್ನು ತಡೆದುಕೊಂಡಿತು. ಕೊನೆಗೆ ಸೋಲಿಸಿದ್ದು ಹಸಿವು ಮತ್ತು ರೋಗ. ಸುತ್ತ ಅಡ್ಡಗಟ್ಟಿ ನಿಲ್ಲಿಸಿದ ಭಾರೀ ಕೆರೆಯೇ ಅದರ ರಕ್ಷಣೆಯಾಗಿತ್ತು. ಈಗ ಕೆರೆಯ ಜಾಗದಲ್ಲಿ ಹೊಲಗಳಿವೆ. ಹದಿನಾಲ್ಕನೆಯ ಶತಮಾನದಲ್ಲಿ ಜಾನ್ ಆಫ್ ಗಾಂಟ್ ಕಟ್ಟಿಸಿದ ದೊಡ್ಡ ಹಜಾರದ ಎತ್ತರದ ಕಿಟಕಿಗಳು ಉಳಿದಿವೆ. 1575ರಲ್ಲಿ ರಾಣಿ ಒಂದನೆಯ ಎಲಿಜಬೆತ್ ಇಲ್ಲಿ 19 ದಿನ ತಂಗಿದ್ದಳು. ಅವಳಿಗಾಗಿಯೇ ರಾಬರ್ಟ್ ಡಡ್ಲಿ ಕಟ್ಟಿಸಿದ ಅಂತಸ್ತುಗಳಲ್ಲಿ ಈಗ ಹೊಸ ಮೆಟ್ಟಿಲು ಹತ್ತಿ, ರಾಣಿಯ ಕೋಣೆಯ ಮಟ್ಟದಲ್ಲಿ ನಿಂತು ನೋಡಬಹುದು. ಅವಳ ಕಾಲದ ತೋಟವನ್ನು ಹಳೆಯ ವರ್ಣನೆಯ ಆಧಾರದ ಮೇಲೆ ಮತ್ತೆ ಮಾಡಿ 2009ರಲ್ಲಿ ತೆರೆದರು. ಮೂರು ತಲೆಮಾರು ಒಟ್ಟಿಗೆ ಹೊರಟರೆ ನನ್ನ ಮೊದಲ ಸಲಹೆ ಇದೇ. ಅಜ್ಜಿಗೆ ತೋಟ, ಮೊಮ್ಮಗನಿಗೆ ಬುರುಜು, ನಡುವಿನವರಿಗೆ ಇತಿಹಾಸ. 2018ರಲ್ಲಿ ಊರಿನ ರೈಲು ನಿಲ್ದಾಣವೂ ಮತ್ತೆ ತೆರೆದಿರುವುದರಿಂದ ಕವೆಂಟ್ರಿ ಕಡೆಯಿಂದ ಬರುವುದು ಸುಲಭವಾಗಿದೆ.

ಈಸ್ಟ್ ಸಸೆಕ್ಸ್‌ನ ಬೋಡಿಯಂ ಚಿತ್ರಗಳಲ್ಲಿ ನೀವು ಈಗಾಗಲೇ ನೋಡಿರುವ ಕೋಟೆ. ನೀರು ತುಂಬಿದ ಅಗಲ ಕಂದಕದ ನಡುವೆ ನಾಲ್ಕು ಮೂಲೆಗೂ ದುಂಡು ಬುರುಜು. 1385ರಲ್ಲಿ ಎಡ್ವರ್ಡ್ ಡಾಲಿನ್‌ಗ್ರಿಜ್ ರಾಜನ ಪರವಾನಗಿ ಪಡೆದು ಕಟ್ಟಿಸಿದ್ದು. ಹೊರಗಿನಿಂದ ಪರಿಪೂರ್ಣ, ಒಳಗೆ ಬರಿದು. ಕಂದಕದ ಸುತ್ತ ನಡೆಯುವುದರಲ್ಲೇ ಇದರ ಬಹುಪಾಲು ಸಂತೋಷವಿದೆ. ಹಾಗಾಗಿ ಕೋಟೆಯ ಸೌಂದರ್ಯ ಬೇಕೆಂದರೆ ಬೋಡಿಯಂ, ಕಥೆ ಬೇಕೆಂದರೆ ಕಾರ್ಫ್.

ಬೋಡಿಯಂಗೆ ನಮ್ಮ ಕಡೆಯ ನಂಟೊಂದಿದೆ. 1917ರಲ್ಲಿ ಇದನ್ನು ಕೊಂಡು ದುರಸ್ತಿ ಮಾಡಿಸಿದವರು 1899ರಿಂದ 1905ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್. ಬಂಗಾಳ ವಿಭಜನೆಗೆ ನಾವು ಅವರನ್ನು ನೆನೆಯುತ್ತೇವೆ, ಅದು ನ್ಯಾಯವೇ. ಆದರೆ ಸೊರಗಿದ್ದ ಭಾರತೀಯ ಪುರಾತತ್ತ್ವ ಇಲಾಖೆಗೆ ಜೀವ ಕೊಟ್ಟು, 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾನೂನು ತಂದದ್ದೂ ಅವರೇ. ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಂಪಿಯೂ ಮುಂಬಯಿ ಪ್ರಾಂತದಲ್ಲಿದ್ದ ಬಿಜಾಪುರವೂ ಆ ಕಾನೂನಿನ ವ್ಯಾಪ್ತಿಯಲ್ಲಿದ್ದವು. ಬ್ರಿಟನ್ನಿನಲ್ಲಿ 1882ರಿಂದ ಒಂದು ಕಾನೂನು ಇದ್ದರೂ ಅದು ಮಾಲೀಕ ಒಪ್ಪಿದರೆ ಮಾತ್ರ ನಡೆಯುವಂಥದ್ದು. 1911ರಲ್ಲಿ ಲಿಂಕನ್‌ಶೈರಿನ ಟ್ಯಾಟರ್ಶಲ್ ಕೋಟೆಯ ಮಧ್ಯಯುಗದ ಅಗ್ಗಿಷ್ಟಿಕೆಗಳನ್ನು ಕಿತ್ತು ಅಮೆರಿಕಕ್ಕೆ ಸಾಗಿಸಲು ಹೊರಟಾಗ ಕರ್ಜನ್ ಕೋಟೆಯನ್ನೇ ಕೊಂಡು ಅವುಗಳನ್ನು ವಾಪಸು ತರಿಸಿದರು. ಆ ಗದ್ದಲದ ಬೆನ್ನಿಗೆ ಬ್ರಿಟನ್ನಿನಲ್ಲೂ 1913ರಲ್ಲಿ ಬಲವಾದ ಕಾನೂನು ಬಂತು. ಎರಡೂ ಕೋಟೆಗಳನ್ನು ಅವರು ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬರೆದುಕೊಟ್ಟು 1925ರಲ್ಲಿ ತೀರಿಕೊಂಡರು.

ನಡೆಯಲು ಇಷ್ಟವಿರುವವರು ಉತ್ತರದ ತುದಿಯ ನಾರ್ತಂಬರ್‌ಲ್ಯಾಂಡಿಗೆ ಹೋಗಿ ಡನ್‌ಸ್ಟನ್‌ಬರೋ ನೋಡಲಿ. ಕ್ರಾಸ್ಟರ್ ಎಂಬ ಮೀನುಗಾರರ ಹಳ್ಳಿಯಿಂದ ಕಡಲಂಚಿನ ಹುಲ್ಲಿನ ಮೇಲೆ ಸುಮಾರು ಎರಡು ಕಿಲೋಮೀಟರ್ ನಡಿಗೆ. ಬಾಗಿಲವರೆಗೆ ಕಾರು ಹೋಗುವುದಿಲ್ಲ, ಅದೇ ಅದರ ಭಾಗ್ಯ. ವೇಲ್ಸ್ ಗಡಿಯ ಕಡೆ ಹೋಗುವವರಿಗೆ ವೈ ನದಿಯ ಮೇಲಿನ ಗುಡ್‌ರಿಚ್ ಒಳ್ಳೆಯದು. 1646ರಲ್ಲಿ ಅದನ್ನು ಬಗ್ಗಿಸಿದ ‘ರೋರಿಂಗ್ ಮೆಗ್’ ಎಂಬ ಗಿಡ್ಡ ಫಿರಂಗಿ ಇಂದು ಕೋಟೆಯೊಳಗೇ ಇದೆ.

ಹಣ, ಹವೆ, ಊಟ

ಈ ತಾಣಗಳಲ್ಲಿ ಹೆಚ್ಚಿನವು ಎರಡು ಸಂಸ್ಥೆಗಳ ಕೈಯಲ್ಲಿವೆ. ಫೌಂಟನ್ಸ್, ಕಾರ್ಫ್, ಬೋಡಿಯಂ ನ್ಯಾಷನಲ್ ಟ್ರಸ್ಟ್‌ನವು. ರೀವೋ, ವಿಟ್ಬಿ, ಕೆನಿಲ್ವರ್ತ್, ಗುಡ್‌ರಿಚ್ ಇಂಗ್ಲಿಷ್ ಹೆರಿಟೇಜ್‌ನವು. ಡನ್‌ಸ್ಟನ್‌ಬರೋಗೆ ಎರಡೂ ಸದಸ್ಯತ್ವಗಳು ನಡೆಯುತ್ತವೆ. ಭಾರತದಿಂದ ಬಂದು ಒಂದೆರಡು ವಾರ ಸುತ್ತುವವರಿಗೆ ಇಂಗ್ಲಿಷ್ ಹೆರಿಟೇಜ್ 9 ದಿನಗಳ ಮತ್ತು 16 ದಿನಗಳ ಪಾಸ್ ಕೊಡುತ್ತದೆ. ಮೂರು ನಾಲ್ಕು ದೊಡ್ಡ ತಾಣಗಳಿಗೆ ಹೋಗುವುದು ಖಚಿತವಿದ್ದರೆ ಮಾತ್ರ ಕೊಳ್ಳಿ. ಅಲ್ಲೇ ನೆಲೆಸಿರುವವರಿಗೆ ಇಂಗ್ಲಿಷ್ ಹೆರಿಟೇಜ್‌ನ ವರ್ಷದ ಸದಸ್ಯತ್ವ ಉಳಿತಾಯವೇ, ಏಕೆಂದರೆ ಸದಸ್ಯರ ಜೊತೆ ಮನೆಯ ಮಕ್ಕಳಿಗೆ ಟಿಕೆಟ್ ಬೇಕಾಗುವುದಿಲ್ಲ. ಅದರ ಬಿಡಿ ಟಿಕೆಟ್ಟನ್ನು ಬಾಗಿಲಲ್ಲಿ ಕೊಳ್ಳುವುದಕ್ಕಿಂತ ಮೊದಲೇ ಜಾಲತಾಣದಲ್ಲಿ ಕೊಂಡರೆ ಅಗ್ಗ.

ಉಚಿತ ತಾಣಗಳನ್ನು ಕಡೆಗಣಿಸಬೇಡಿ. ಇಂಗ್ಲಿಷ್ ಹೆರಿಟೇಜ್ ನೋಡಿಕೊಳ್ಳುವ ನಾನ್ನೂರಕ್ಕೂ ಹೆಚ್ಚು ತಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಲಂಡನ್ನಿನಿಂದ ಅರ್ಧ ದಿನ ಮಾತ್ರ ಬಿಡುವಿದ್ದವರು ಸರ್ರೆಯ ಫಾರ್ನಂ ಪಕ್ಕದ ವೇವರ್ಲಿ ಮಠಕ್ಕೆ ಹೋಗಬಹುದು. 1128ರಲ್ಲಿ ಇಂಗ್ಲೆಂಡಿನ ಮೊದಲ ಸಿಸ್ಟರ್ಸಿಯನ್ ಮಠ ಹುಟ್ಟಿದ್ದು ಅಲ್ಲಿ. ಉಳಿದಿರುವುದು ಕಡಿಮೆ, ಆದರೆ ನದಿಯಂಚಿನ ಬಯಲು ತುಂಬ ಚೆನ್ನಾಗಿದೆ. ಇಂಥ ಕಡೆ ಶೌಚಾಲಯವಾಗಲಿ ಚಹಾ ಅಂಗಡಿಯಾಗಲಿ ಇರುವುದಿಲ್ಲವೆಂದು ತಿಳಿದೇ ಹೊರಡಬೇಕು.

ಏಪ್ರಿಲ್ ಕೊನೆಯಿಂದ ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಅನೇಕ ತಾಣಗಳು ವಾರಾಂತ್ಯದಲ್ಲಿ ಮಾತ್ರ ತೆರೆದಿರುತ್ತವೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಛಾವಣಿಯಿಲ್ಲದ ಜಾಗ ಎಂಬುದು ಮಳೆ ಬಂದಾಗ ಮಾತ್ರ ಪೂರ್ತಿ ಅರ್ಥವಾಗುತ್ತದೆ; ಜೂನ್‌ನಲ್ಲೂ ಮಳೆ ಅಂಗಿ ಮತ್ತು ಜಾರದ ಬೂಟು ಬೇಕು. ಸೀರೆ ಉಟ್ಟು ಸುರುಳಿ ಮೆಟ್ಟಿಲು ಹತ್ತುವುದು ಅಪಾಯ. ಸಸ್ಯಾಹಾರಿಗಳಿಗೆ ತಾಣದ ಉಪಾಹಾರ ಗೃಹಗಳಲ್ಲಿ ಸೂಪು, ಚೀಸ್ ಸ್ಯಾಂಡ್‌ವಿಚ್, ಸ್ಕೋನ್ ಸಿಗುತ್ತವೆ. ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ತಿನ್ನಲು ಯಾರ ಅಡ್ಡಿಯೂ ಇಲ್ಲ. ಗೋಡೆಗಳ ಮೇಲೆ ಮಾತ್ರ ಮಕ್ಕಳನ್ನು ಹತ್ತಲು ಬಿಡಬೇಡಿ. ಎಂಟು ನೂರು ವರ್ಷದ ಸುಣ್ಣದ ಗಾರೆ ಅದು, ಕಲ್ಲು ಕಿತ್ತು ಬರುತ್ತದೆ.

ಎರಡೂ ಒಂದೇ ಕಡೆ

ನಾರ್ಫೋಕ್‌ನ ಕ್ಯಾಸಲ್ ಏಕರ್ ಒಂದು ಹಳ್ಳಿ. ವಿಲಿಯಂ ದಿ ಕಾಂಕರರ್‌ನ ಜೊತೆ ಬಂದ ವಾರೆನ್ ಮನೆತನದವರು ಇಲ್ಲಿ ಕೋಟೆ ಕಟ್ಟಿದರು, ಹಳ್ಳಿಗೆ ಕೋಟೆಗೋಡೆ ಸುತ್ತಿದರು, 1090ರ ಆಸುಪಾಸಿನಲ್ಲಿ ಕ್ಲೂನಿ ಪಂಥದ ಸನ್ಯಾಸಿಗಳಿಗೆ ಮಠ ಮಾಡಿಕೊಟ್ಟರು. ಕೋಟೆಯ ಕಲ್ಲು ಹೆಚ್ಚು ಉಳಿದಿಲ್ಲ, ಆದರೆ ಅದರ ಮಣ್ಣಿನ ದಿಬ್ಬಗಳೂ ಕಂದಕಗಳೂ ದೇಶದಲ್ಲೇ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತವೆ. ನೋಡಲು ಹಣ ಕೊಡಬೇಕಿಲ್ಲ. ಹಳ್ಳಿಯ ಬೀದಿ ಇಂದಿಗೂ ಮಧ್ಯಯುಗದ ಹೆಬ್ಬಾಗಿಲಿನ ಕೆಳಗೇ ಹಾದು ಹೋಗುತ್ತದೆ. ಮಠಕ್ಕೆ ಟಿಕೆಟ್ ಇದೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಒಂದರೊಳಗೊಂದು ಹೆಣೆದ ಕುರುಡು ಕಮಾನುಗಳ (ತೆರಪಿಲ್ಲದೆ ಗೋಡೆಗೇ ಅಂಟಿದ ಅಲಂಕಾರದ ಕಮಾನುಗಳ) ಪಶ್ಚಿಮ ಮುಖ, ಮತ್ತು ಛಾವಣಿ ಸಮೇತ ಉಳಿದ ಮಠಾಧಿಪತಿಯ ನಿವಾಸ. ಸಿಸ್ಟರ್ಸಿಯನ್ನರ ಸರಳ ಗೋಡೆಗಳನ್ನು ನೋಡಿ ಬಂದವರಿಗೆ ಈ ಅಲಂಕಾರ ಬೇರೆಯದೇ ಮನೋಧರ್ಮ ಎಂಬುದು ತಕ್ಷಣ ಹೊಳೆಯುತ್ತದೆ. ಕಾರಿದ್ದವರಿಗೆ ಸುಲಭ, ಬಸ್ಸನ್ನೇ ನಂಬಿದವರಿಗೆ ಕಷ್ಟ.

ನನ್ನ ಮೊದಲ ಆಯ್ಕೆ ಯಾರ್ಕ್‌ಶೈರಿನ ಹೆಲ್ಮ್ಸ್ಲಿ. ಈ ಪೇಟೆಯ ಕೋಟೆಯನ್ನು ಮೊದಲು ಕಟ್ಟಿಸಿದ ವಾಲ್ಟರ್ ಎಸ್ಪೆಕ್‌ನೇ ರೀವೋ ಮಠಕ್ಕೆ ಭೂಮಿ ಕೊಟ್ಟವನು. ಫ್ರಾನ್ಸಿನ ಕ್ಲೇರ್ವೋ ಮಠದಿಂದ ಬಂದ ಸನ್ಯಾಸಿಗಳಿಗೆ ಅವನು ತನ್ನ ಕೋಟೆಯಿಂದ ಮೂರು ಮೈಲಿ ದೂರದ ಕಣಿವೆಯನ್ನು ಬಿಟ್ಟುಕೊಟ್ಟ. ಕೋಟೆ 1644ರಲ್ಲಿ ಮೂರು ತಿಂಗಳ ಮುತ್ತಿಗೆಯ ನಂತರ ಶರಣಾಯಿತು. ಆಮೇಲೆ ಪೂರ್ವದ ಬುರುಜನ್ನು ಮದ್ದಿಟ್ಟು ಅರ್ಧಕ್ಕೆ ಸೀಳಿದರು, ಉಳಿದ ಅರ್ಧ ಇಂದಿಗೂ ಪೇಟೆಯ ಮೇಲೆ ಎದ್ದು ನಿಂತಿದೆ. ರಾಜಾಜ್ಞೆಯಿಂದ ಬರಿದಾದದ್ದು ಮತ್ತು ಸಿಡಿಮದ್ದಿನಿಂದ ಮುರಿದದ್ದು, ಎರಡೂ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ಎರಡೂ ಇಂಗ್ಲಿಷ್ ಹೆರಿಟೇಜ್‌ನವು, ಒಂದೇ ಪಾಸ್ ಸಾಕು.

ಹೀಗೆ ಮಾಡಿ: ಬೆಳಗ್ಗೆ ಹೆಲ್ಮ್ಸ್ಲಿ ತಲುಪಿ ಮೊದಲು ಕೋಟೆ ನೋಡಿ. ಕ್ಲೀವ್‌ಲ್ಯಾಂಡ್ ವೇ ಎಂಬ ದೂರದ ಕಾಲುದಾರಿ ಶುರುವಾಗುವುದೇ ಈ ಪೇಟೆಯಿಂದ. ಅದನ್ನು ಹಿಡಿದು ಹೊಲ, ಕಾಡು ದಾಟಿ ನಡೆದರೆ ಒಂದೂವರೆ ಗಂಟೆಯೊಳಗೆ ರೀವೋ ಸೇತುವೆ ಸಿಗುತ್ತದೆ. ಅಲ್ಲಿ ದಾರಿ ಬಿಟ್ಟು ನದಿಯ ಪಕ್ಕದ ರಸ್ತೆಯಲ್ಲಿ ಮಠಕ್ಕೆ ತಿರುಗಿ. ಮಧ್ಯಾಹ್ನದ ಊಟ ಮಠದಲ್ಲೇ ಆಗಲಿ, ಕನಿಷ್ಠ ಎರಡು ಗಂಟೆ ಅಲ್ಲಿರಿ. ನಡೆಯಲಾಗದ ಹಿರಿಯರನ್ನು ಕಾರಿನಲ್ಲಿ ನೇರ ಮಠದ ಬಾಗಿಲಿಗೇ ಕರೆದುಕೊಂಡು ಬರಬಹುದು. ಬಸ್ಸಿನಲ್ಲಿ ಬಂದವರು ಬೆಳಗ್ಗೆ ಇಳಿಯುವಾಗಲೇ ಹೆಲ್ಮ್ಸ್ಲಿಯಿಂದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಚಾಲಕನನ್ನು ಕೇಳಿಟ್ಟುಕೊಂಡು, ಅದಕ್ಕೆ ಎರಡು ಗಂಟೆ ಮುಂಚೆ ರೀವೋ ಬಿಡಬೇಕು.